ಸುತ್ತು ಹಾಕಿದ ಹೆಸರುಗಳು

ಈಸ್ಟರಿಗೆ ಮುಂಚಿನ ಉಪವಾಸದ ಕಾಲವಾದ ಲೆಂಟಿನ ಎರಡನೇ ಭಾನುವಾರ ಆಶೀರ್ವಾದದ ಮಾತು ಮುಗಿದು ಜನ ಇನ್ನೇನು ಏಳಬೇಕು, ಅಷ್ಟರಲ್ಲಿ ಹಿಂದಿನ ಬೆಂಚಿನಿಂದ "ದಯವಿಟ್ಟು ಎರಡು ನಿಮಿಷ ಕೂತಿರಿ" ಅನ್ನುವ ದನಿ ಬಂತು. ಜಿಲ್ಲಾ ಮೇಲ್ವಿಚಾರಕರದು. ಬಿಷಪ್ಪರ ಪರವಾಗಿ ಸುತ್ತಲಿನ ಹನ್ನೆರಡು ಮೆಥೊಡಿಸ್ಟ್ ಸಭೆಗಳನ್ನು ನೋಡಿಕೊಳ್ಳುವ ಅವರು ಇಲ್ಲಿಗೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಅದೂ ವಾರ ಮೊದಲೇ ಹೇಳಿ ಕಳಿಸಿ. ಅವತ್ತು ಹೇಳದೆ ಕೇಳದೆ ಬಂದು ಕೂತಿದ್ದರು.

ಅವರು ಪೀಠದ ಹತ್ತಿರ ಹೋಗಿ ಒಂದು ಕಾಗದ ತೆಗೆದು ಓದಿದರು. ಹದಿನಾಲ್ಕು ವರ್ಷದಿಂದ ಇಲ್ಲಿ ಸಭಾಪಾಲಕರಾಗಿದ್ದ ಅಯ್ಯನವರನ್ನು ಈ ಸಭೆಯ ಜವಾಬ್ದಾರಿಯಿಂದ ಬಿಡುಗಡೆ ಮಾಡಲಾಗಿದೆ, ಮುಂದಿನ ಭಾನುವಾರದಿಂದ ಹೊಸಬರು ಬರುತ್ತಾರೆ. ಅಷ್ಟೇ. ಕಾರಣ ಅಂತ ಒಂದು ಸಾಲೂ ಇಲ್ಲ. ಅಯ್ಯನವರು ತಲೆ ತಗ್ಗಿಸಿ ನಿಂತಿದ್ದರು. ಅವರ ಹೆಂಡತಿ ಮುಂದಿನ ಬೆಂಚಿನಲ್ಲಿ ಕೈಚೀಲವನ್ನು ಎದೆಗೆ ಒತ್ತಿಕೊಂಡು, ಯಾರ ಕಡೆಗೂ ತಿರುಗದೆ ಕೂತಿದ್ದರು.

ಮೆಥೊಡಿಸ್ಟರಲ್ಲಿ ಪಾದ್ರಿಗಳು ಊರಿಂದ ಊರಿಗೆ ಹೋಗುವುದೇನೂ ಹೊಸದಲ್ಲ. ಆದರೆ ಅದಕ್ಕೊಂದು ಕಾಲ ಇದೆ, ವರ್ಷದ ಸಮ್ಮೇಳನ ಇದೆ, ಬೀಳ್ಕೊಡುಗೆ ಇದೆ. ಲೆಂಟಿನ ನಡುವೆ, ಈಸ್ಟರಿಗೆ ಐದೇ ವಾರ ಇರುವಾಗ, ಹೀಗೆ ಎಬ್ಬಿಸಿ ಕಳಿಸಿದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಅಯ್ಯನವರು ಬುಧವಾರವೇ ಸಾಮಾನು ಕಟ್ಟಿಕೊಂಡು ಹೊರಟರು. ಕೈ ಕುಲುಕಲು ಬಂದವರಿಗೆಲ್ಲ "ದೇವರು ಒಳ್ಳೇದು ಮಾಡಲಿ" ಅನ್ನುವ ಒಂದೇ ಮಾತು.

ಆ ಸಭೆಯಲ್ಲಿದ್ದದ್ದು ಮೂವತ್ತೆಂಟು ಜನ. ಅವರಿಗೆ ಅಯ್ಯನವರೆಂದರೆ ಪ್ರಾಣ. ಪೀಠದಿಂದ ಅವರು ಮಾಡುವ ಪ್ರಸಂಗ ಅಂಥಾ ಹೇಳಿಕೊಳ್ಳುವ ಹಾಗಿರಲಿಲ್ಲ. ಹಾಡಲು ನಿಂತರೆ ಒಂದು ಸಾಲು ಹಿಂದೆ ಉಳಿಯುತ್ತಿದ್ದರು. ಆದರೆ ಕೇಳುವುದರಲ್ಲಿ ಅವರಂಥವರಿಲ್ಲ ಅಂತ ಎಲ್ಲರದೂ ಒಂದೇ ಮಾತು. ಎದುರಿಗೆ ಕೂತವರ ಮುಖದಿಂದ ಕಣ್ಣು ತೆಗೆಯುತ್ತಿರಲಿಲ್ಲ. ನಡುವೆ ಬಾಯಿ ಹಾಕುತ್ತಿರಲಿಲ್ಲ. ಪೀಠದ ಹಿಂದೆ ವೆಸ್ಟ್ರಿ ಅಂತ ಒಂದು ಸಣ್ಣ ಕೋಣೆ. ಲೆಂಟಿನ ಬುಧವಾರಗಳಲ್ಲಿ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಅಲ್ಲಿಗೆ ಒಬ್ಬೊಬ್ಬರಾಗಿ ಹೋಗಿ ಮನಸ್ಸಿನದನ್ನು ಇಳಿಸಿ ಬರುತ್ತಿದ್ದರು. ಕೊನೆಗೆ ಅಯ್ಯನವರು ಅವರ ಕೈಹಿಡಿದು "ಆಗಲಿ, ದೇವರಿಗೆ ಎಲ್ಲಾ ಗೊತ್ತು" ಅನ್ನುತ್ತಿದ್ದರು. ಹೊರಗೆ ಬಂದವರ ಭುಜ ಎರಡು ಅಂಗುಲ ಮೇಲೆದ್ದಿರುತ್ತಿತ್ತು.

ಅಂಥವರನ್ನು ಕಳಿಸಿದರು ಅಂದರೆ ಯಾರೋ ಬಿಷಪ್ಪರಿಗೆ ದೂರು ಬರೆದಿರಲೇಬೇಕು. ಯಾರು?

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಸಭೆಯ ಕಾರ್ಯದರ್ಶಿ, ನಿವೃತ್ತ ಪೋಸ್ಟ್ ಮಾಸ್ಟರ್. ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಮನುಷ್ಯರನ್ನು ಟಪಾಲಿನ ಹಾಗೆ ವಿಂಗಡಿಸುವ ಚಾಳಿ ಹೋಗಿರಲಿಲ್ಲ. ಎರಡು ದಿನ ಹಳೇ ಆಫೀಸಿನ ಸುತ್ತ ಸುಳಿದಾಡಿ ಸುದ್ದಿ ತಂದರು. ಲೆಂಟು ಶುರುವಾಗುವ ಬೂದಿ ಬುಧವಾರದ ಮರುದಿನ ಬಿಷಪ್ಪರ ವಿಳಾಸದ ದಪ್ಪ ಲಕೋಟೆಯೊಂದು ಹೋಗಿದೆ. ಹಾಕಿದ್ದು ಚರ್ಚಿನ ರಸ್ತೆಯ ತಿರುವಿನಲ್ಲಿರುವ ಪೆಟ್ಟಿಗೆಗೆ.

ಆ ತಿರುವಿನಲ್ಲಿ ಟೈಲರಮ್ಮನ ಅಂಗಡಿ. ಟೈಲರಮ್ಮ ಪೋಸ್ಟ್ ಮಾಸ್ಟರರ ಹೆಂಡತಿಯ ತಂಗಿ. ನಲವತ್ತೇಳು ವಯಸ್ಸು, ಮದುವೆಯಾಗಿರಲಿಲ್ಲ. ಎರಡು ಹೊಲಿಗೆ ಮೆಷಿನ್ನು, ಒಂದು ಉದ್ದನೆಯ ಮೇಜು, ಗೋಡೆಗೆ ಆನಿಸಿದ ಒಂದು ನಿಲುವುಗನ್ನಡಿ, ಇಷ್ಟೇ ಅವಳ ಪ್ರಪಂಚ.

ಪೋಸ್ಟ್ ಮಾಸ್ಟರು ಶುಕ್ರವಾರ ಬೆಳಿಗ್ಗೆ ಬಂದು ಮೇಜಿನ ಮೇಲಿನ ಬಟ್ಟೆಯನ್ನು ಸರಿಸಿ ಮೊಣಕೈ ಊರಿದರು.

"ಏನಮ್ಮಾ, ಬರವಣಿಗೆ ಎಲ್ಲಾ ಹೇಗೆ ನಡೀತಿದೆ?"

"ಯಾವ ಬರವಣಿಗೆ ಭಾವ? ಅಳತೆ ಬರ್ಕೊಳ್ಳೋದೇ ನನ್ನ ಬರವಣಿಗೆ."

"ಆ ಪೆಟ್ಟಿಗೆಗೆ ಹತ್ತಿರ ಇರೋದು ನಿನ್ನ ಅಂಗಡಿ."

"ಪಾದ್ರಿ ಮನೇನೂ ಅಷ್ಟೇ ಹತ್ತಿರ."

"ತಮ್ಮ ಮೇಲೆ ತಾವೇ ಯಾರಾದ್ರೂ ದೂರು ಬರ್ಕೋತಾರೇನಮ್ಮಾ? ಸ್ವಲ್ಪ ತಲೆ ಓಡಿಸಿ ಮಾತಾಡು." ಅವರು ದನಿ ತಗ್ಗಿಸಿದರು. "ಕ್ರಿಸ್ಮಸ್ ಹೊತ್ತಲ್ಲಿ ಅವರ ಮೇಲೆ ರೇಗಾಡಿದವಳು ನೀನೇ ತಾನೇ? ನಾಲ್ಕು ಜನ ಕೇಳಿದ್ದಾರೆ."

ಅದು ಸುಳ್ಳಲ್ಲ. ಹಾಡುವವರ ನಿಲುವಂಗಿ ನಾಲ್ಕು ಹರಿದುಹೋಗಿವೆ, ಹೊಸದಕ್ಕೆ ಬಟ್ಟೆ ಸಾಲುವುದಿಲ್ಲ ಅಂತ ಅವಳು ಹೇಳಲು ಹೋದಾಗ ಅಯ್ಯನವರು ನಗುಮುಖ ಮಾಡಿ "ಬಹಳ ಸಂತೋಷ, ಬಹಳ ಸಂತೋಷ" ಅಂದು ಮುಂದೆ ನಡೆದುಬಿಟ್ಟಿದ್ದರು. ನನ್ನ ಕೆಲಸ ಅಂದರೆ ಇವರಿಗೆ ತಮಾಷೆ ಅಂತ ಅವಳು ಚರ್ಚಿನ ಬಾಗಿಲಲ್ಲೇ ಕೂಗಾಡಿದ್ದಳು. ಆದರೆ ಆ ಕೋಪ ಎರಡು ದಿನದ್ದು. ಅವಳ ಮೇಲಿದ್ದ ಅಯ್ಯನವರ ಋಣ ಬೇರೆಯೇ ತೂಕದ್ದು. ಅದನ್ನು ಭಾವನಿಗೆ ಹೇಳುವ ಹಾಗಿರಲಿಲ್ಲ.

"ನಾನು ಬರೆದಿಲ್ಲ" ಅಂದಳು.

"ಹಾಗೇ ಇರಲಿ" ಅಂದರು ಭಾವ, ನಂಬದ ದನಿಯಲ್ಲಿ.

ಆ ಭಾನುವಾರ ಅವಳ ಬೆಂಚಿನಲ್ಲಿ ಅವಳೊಬ್ಬಳೇ. ಬೇಕರಿಯವನ ಹೆಂಡತಿ ಯಾವಾಗಲೂ ಪಕ್ಕದಲ್ಲಿ ಕೂರುವವಳು, ಗಾಳಿ ಬರುವುದಿಲ್ಲ ಅಂತ ಕಿಟಕಿಯ ಕಡೆ ಹೋದಳು. ಎಲ್ಲ ಕಿಟಕಿಗಳೂ ಮುಚ್ಚಿದ್ದವು.

ಋಣದ ಸಂಗತಿ ಇದು. ಎರಡು ವರ್ಷದ ಹಿಂದೆ ಅವರ ತಾಯಿ ಹಾಸಿಗೆ ಹಿಡಿದಾಗ ಅಕ್ಕ ತಂಗಿ ಸರದಿಯ ಮೇಲೆ ನೋಡಿಕೊಳ್ಳುತ್ತಿದ್ದರು. ಆ ಮಧ್ಯಾಹ್ನ ಟೈಲರಮ್ಮನ ಸರದಿ. ಮರುದಿನ ಮದುವೆಯಿದ್ದ ಹುಡುಗಿಯ ಗೌನಿನ ಕೆಳಅಂಚು ಉಳಿದಿತ್ತು. ತಾಯಿಗೆ ನಿದ್ದೆ ಹತ್ತಿತ್ತು. ಅರ್ಧ ಗಂಟೆ ಅಂತ ಅಂಗಡಿಗೆ ಹೋದವಳು ಎರಡೂವರೆ ಗಂಟೆ ಅಲ್ಲೇ ಉಳಿದಳು. ಬಂದು ನೋಡಿದರೆ ತಾಯಿಯ ಕೈ ತಣ್ಣಗಾಗಿತ್ತು. ಅಷ್ಟರಲ್ಲಿ ಅಕ್ಕ ಓಡಿ ಬಂದು "ನಾನು ಇರಲಿಲ್ಲವಲ್ಲೇ, ನಾನು ಇರಲಿಲ್ಲವಲ್ಲೇ" ಅಂತ ನೆಲಕ್ಕೆ ಕುಸಿದು ಅತ್ತಾಗ ಟೈಲರಮ್ಮನ ಬಾಯಿಂದ ಒಂದು ಮಾತು ತಾನಾಗಿ ಬಂತು: "ನನ್ನ ಕೈಹಿಡ್ಕೊಂಡೇ ಹೋದಳು ಅಕ್ಕಾ. ಕೊನೆಗೆ ನಿನ್ನ ಹೆಸರೇ ಅಂದಳು."

ಅಕ್ಕ ಆ ಮಾತನ್ನು ಬಿಡಲಿಲ್ಲ. ನೆಂಟರಿಗೆ ಹೇಳಿದಳು, ನೆರೆಯವರಿಗೆ ಹೇಳಿದಳು. ಪ್ರತಿ ಸಲ ಹೇಳುವಾಗಲೂ ತಂಗಿಯ ಕಡೆ ತಿರುಗಿ "ಅಲ್ಲವೇನೇ?" ಅನ್ನುತ್ತಿದ್ದಳು. ಪ್ರತಿ ಸಲವೂ ಟೈಲರಮ್ಮ ಹೂಂ ಅನ್ನಬೇಕಾಗುತ್ತಿತ್ತು. ಕೊನೆಗೆ ತಡೆಯಲಾರದೆ ಲೆಂಟಿನ ಒಂದು ಬುಧವಾರ ವೆಸ್ಟ್ರಿಗೆ ಹೋಗಿ, ಕರವಸ್ತ್ರಕ್ಕೆ ಮುಖ ಒತ್ತಿಕೊಂಡು, ಅಯ್ಯನವರ ಮುಂದೆ ಎಲ್ಲವನ್ನೂ ಹೇಳಿ ಅತ್ತಿದ್ದಳು. "ಆಗಲಿ, ದೇವರಿಗೆ ಎಲ್ಲಾ ಗೊತ್ತು" ಅಂದಿದ್ದರು ಅವರು. ಅಷ್ಟರಿಂದಲೇ ಅವಳು ಎರಡು ವರ್ಷ ಬದುಕಿದ್ದಳು.

ಹೊಸದಾಗಿ ಬಂದವರು ಹೆಂಗಸು. ಮೂವತ್ತೈದರ ಆಸುಪಾಸು, ಹೆಗಲಿಗೊಂದು ಬೂದುಬಣ್ಣದ ಚೀಲ, ಮಾತು ಕಡಿಮೆ. ಮೊದಲ ದಿನವೇ ಎಲ್ಲರೂ ಅವರನ್ನು ಪಾಸ್ಟರಮ್ಮ ಅಂದರು. ಎರಡನೇ ದಿನದಿಂದ ಎಲ್ಲರೂ ಅವರ ಚೀಲದ ಮೇಲೆ ಕಣ್ಣಿಟ್ಟರು. ಯಾಕೆಂದರೆ ಪಾಸ್ಟರಮ್ಮ ಮನೆ ಮನೆಗೆ ಹೋಗುತ್ತಿದ್ದರು, ಆದರೆ ಸಾಲಾಗಿ ಅಲ್ಲ. ಮೊದಲು ಬೇಕರಿಯವನ ಮನೆ. ಪಕ್ಕದ ಎರಡು ಮನೆ ಬಿಟ್ಟು ಗಾರೆಯವನ ಮನೆ. ಆಮೇಲೆ ಊರಾಚೆ ಇರುವ ಮೇಷ್ಟ್ರ ಮನೆ. ಹೋದಲ್ಲೆಲ್ಲ ಬಾಗಿಲು ಮುಚ್ಚಿಕೊಂಡು ಅರ್ಧ ಗಂಟೆ. ಏನು ಕೇಳಿದರು ಅಂದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಮೇಷ್ಟ್ರಂತೂ ಮುಂದಿನ ಬುಧವಾರ ಪ್ರಾರ್ಥನೆಗೇ ಬರಲಿಲ್ಲ.

ಆ ಬುಧವಾರ ಟೈಲರಮ್ಮ ಪೀಠದ ನೇರಳೆ ಹೊದಿಕೆಯ ಅಂಚು ಬಿಟ್ಟಿದ್ದನ್ನು ಹೊಲಿಯಲು ವೆಸ್ಟ್ರಿಯಲ್ಲಿ ಕೂತಿದ್ದಳು. ಎದುರಿಗಿದ್ದ ಪಾಸ್ಟರಮ್ಮನನ್ನು ಯಾರೋ ಹೊರಗೆ ಕರೆದರು. ಮೇಜಿನ ಮೇಲೆ ಅವರ ಪುಸ್ತಕ, ಅದರ ಮೇಲೆ ಬಿಚ್ಚಿಟ್ಟ ಒಂದು ಹಾಳೆ. ನೋಡಬಾರದು ಅಂದುಕೊಳ್ಳುತ್ತಲೇ ನೋಡಿದಳು.

ಸಭೆಯ ಮೂವತ್ತೆಂಟು ಹೆಸರು. ಅಯ್ಯನವರ ಎಡಕ್ಕೆ ವಾಲುವ ಅಕ್ಷರ, ಅದರಲ್ಲಿ ಅನುಮಾನವೇ ಇಲ್ಲ. ಹನ್ನೊಂದು ಹೆಸರಿಗೆ ಕೆಂಪು ಪೆನ್ಸಿಲಿನಲ್ಲಿ ಸುತ್ತು. ಬೇಕರಿಯವನು. ಗಾರೆಯವನ ಹೆಂಡತಿ. ಮೇಷ್ಟ್ರು. ಅವಳ ಭಾವ. ಅವಳು. ಎಲ್ಲಕ್ಕೂ ಮೇಲೆ ಒಂದು ಸಾಲು: "ಇವರನ್ನು ಮೊದಲು ನೋಡಿ."

ಸೂಜಿ ಬೆರಳಿಗೆ ಚುಚ್ಚಿತು. ಸುತ್ತು ಬಿದ್ದವರು ಯಾರು ಅಂತ ಯೋಚಿಸಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬುಧವಾರಗಳಲ್ಲಿ ವೆಸ್ಟ್ರಿಯ ಹೊರಗೆ ಸರದಿಗೆ ಕಾಯುತ್ತಾ ಕೂತವರ ಮುಖ ಒಂದೊಂದಾಗಿ ನೆನಪಾಯಿತು. ಒಳಗೆ ಹೋಗಿ ಬಾಯಿ ಬಿಟ್ಟವರೆಲ್ಲರ ಹೆಸರಿಗೂ ಸುತ್ತು ಬಿದ್ದಿತ್ತು. ಬಾಯಿ ಬಿಡದವರಲ್ಲಿ ಒಬ್ಬರ ಹೆಸರಿಗೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಭಾವನ ಮನೆಗೆ ಹೋಗಿ, ಅಕ್ಕ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿರುವ ಹೊತ್ತು ನೋಡಿ, ವಿಷಯ ಹೇಳಿದಳು. ಭಾವ ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು.

"ನನ್ನ ಹೆಸರಿಗೂ?"

"ನಿಮ್ಮ ಹೆಸರಿಗೂ."

"ಸುತ್ತು ಪೂರ್ತಿ ಇತ್ತೋ, ಅರ್ಧವೋ?"

"ಪೂರ್ತಿ ಸುತ್ತು ಭಾವ. ದುಂಡಗೆ."

ಪೋಸ್ಟ್ ಮಾಸ್ಟರರ ಮುಖ ಅಂಟು ಬಿಟ್ಟ ಲಕೋಟೆಯ ಹಾಗಾಯಿತು. ಅಂದರೆ ಇವರಿಗೂ ಏನೋ ಇದೆ, ಅಂದುಕೊಂಡಳು ಟೈಲರಮ್ಮ. ಅಷ್ಟು ದಿನದಲ್ಲಿ ಮೊದಲ ಸಲ ಭಾವನ ಮೇಲೆ ಅವಳಿಗೆ ಕನಿಕರ ಬಂತು, ಅದರ ಬೆನ್ನಿಗೇ ಇದೇನು ಇರಬಹುದು ಅನ್ನುವ ಕುತೂಹಲವೂ ಬಂತು.

"ಕೆಟ್ಟೆವಮ್ಮಾ" ಅಂದರು ಭಾವ. "ನಂಬಿ ಹೇಳಿದ್ದನ್ನೆಲ್ಲ ಪಟ್ಟಿ ಮಾಡಿ ಕೊಟ್ಟು ಹೋಗಿದ್ದಾರೆ. ಈ ಹೆಂಗಸನ್ನ ಬಿಷಪ್ಪರು ಕಳಿಸಿರೋದೇ ವಿಚಾರಣೆಗೆ. ಅಯ್ನೋರು ನಮ್ಮನ್ನ ಕೊಟ್ಟು ತಾವು ಪಾರಾದ್ರು."

ಎರಡು ವಾರದಲ್ಲಿ ಗಾಳಿ ಪೂರ್ತಿ ತಿರುಗಿತು. ಅಯ್ಯನವರನ್ನು ಯಾರು ಓಡಿಸಿದರು ಅನ್ನುವ ಮಾತು ನಿಂತು, ಅಯ್ಯನವರು ಯಾರ್‍ಯಾರದ್ದು ಏನೇನು ಹೇಳಿದ್ದಾರೆ ಅನ್ನುವುದು ಶುರುವಾಯಿತು. ಸುತ್ತು ಬಿದ್ದವರು ಸುತ್ತು ಬಿದ್ದವರನ್ನು ಕದ್ದು ನೋಡುತ್ತಿದ್ದರು. ಸುತ್ತು ಬೀಳದವರಿಗೆ ಇನ್ನೊಂದು ಸಂಕಟ. ನಮ್ಮನ್ನು ಯಾಕೆ ಬಿಟ್ಟರು, ನಾವೇನು ಲೆಕ್ಕಕ್ಕಿಲ್ಲವೇ? ಪೋಸ್ಟ್ ಮಾಸ್ಟರು ಹೊಸ ಪಾಸ್ಟರಮ್ಮನನ್ನು ಹಿಂದಕ್ಕೆ ಕರೆಸಿಕೊಳ್ಳಿ ಅಂತ ಬಿಷಪ್ಪರಿಗೆ ಒಂದು ಮನವಿ ಬರೆದು ಸಹಿಗೆ ತಿರುಗತೊಡಗಿದರು. ಟೈಲರಮ್ಮನ ಮೇಜಿನ ಮೇಲೂ ಅದನ್ನಿಟ್ಟು "ನಾಳೆ ಬಂದು ತಗೋತೀನಿ" ಅಂದು ಹೋದರು.

ಅವರು ಹೋಗಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಬಾಗಿಲಲ್ಲಿ ಬೂದುಬಣ್ಣದ ಚೀಲ ಕಾಣಿಸಿತು. ಟೈಲರಮ್ಮ ಮನವಿಯ ಮೇಲೆ ಒಂದು ತುಂಡು ಬಟ್ಟೆ ಎಳೆದಳು.

ಪಾಸ್ಟರಮ್ಮ ಸ್ಟೂಲಿನ ಮೇಲೆ ಕೂತರು. "ನಿಮ್ಮನ್ನ ಕೊನೆಗೆ ಉಳಿಸಿಕೊಂಡೆ. ಅಂಗಡೀಲಿ ಯಾವಾಗಲೂ ಜನ ಇರ್ತಾರೆ ನೋಡಿ."

"ಹೇಳಿ."

"ನೀವು ಹಿಂದೆ ಅಯ್ಯನವರ ಹತ್ತಿರ ಏನೋ ಹೇಳ್ಕೊಂಡಿದ್ರಂತೆ. ಬೇಕು ಅನ್ನಿಸಿದ್ರೆ ಅದನ್ನ ನನಗೆ ಇನ್ನೊಂದು ಸಲ ಹೇಳಬಹುದು. ಬೇಡ ಅನ್ನಿಸಿದ್ರೆ ಬೇಡ. ಇಷ್ಟು ಹೇಳೋಕೇ ಬಂದೆ."

ಟೈಲರಮ್ಮ ಕತ್ತರಿ ಕೈಗೆತ್ತಿಕೊಂಡಳು. "ಇನ್ನೊಂದು ಸಲ ಯಾಕೆ? ಅವರೇ ಹೇಳಿರಬೇಕಲ್ಲ ನಿಮಗೆ?"

"ಅವರು ಏನೂ ಹೇಳಿಲ್ಲ."

"ಪಟ್ಟಿ ಕೊಟ್ಟಿದ್ದಾರೆ. ನಾನೇ ಕಣ್ಣಾರೆ ನೋಡಿದೆ."

ಪಾಸ್ಟರಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡರು. "ಹೆಸರು ಕೊಟ್ಟಿದ್ದಾರೆ. ಬೇರೇನೂ ಕೊಟ್ಟಿಲ್ಲ."

"ಯಾಕೆ ಕೊಟ್ಟರು?"

"ಅದನ್ನ ಅವರೇ ಹೇಳಬೇಕು. ನಾನು ಮಾತು ಕೊಟ್ಟಿದ್ದೀನಿ."

"ಮಾತು ಕೊಟ್ಟಿದ್ದೀರಾ!" ಟೈಲರಮ್ಮ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. "ನಮಗೂ ಅವರು ಮಾತು ಕೊಟ್ಟಿದ್ರು. ನೋಡಿ ಎಲ್ಲಿಗೆ ಬಂತು. ದಯವಿಟ್ಟು ಹೋಗಿ, ನನಗೆ ಕೆಲಸ ಇದೆ."

ಪಾಸ್ಟರಮ್ಮ ಎದ್ದರು. ಹೋಗುವ ಮುಂಚೆ ಒಂದು ಚೀಟಿಯಲ್ಲಿ ವಿಳಾಸ ಬರೆದು ಮೇಜಿನ ಮೇಲಿಟ್ಟರು. "ಜಗಳ ಆಡೋದಾದ್ರೆ ಅವರ ಹತ್ತಿರಾನೇ ಆಡಿ" ಅಂದರು. ದನಿಯಲ್ಲಿ ಕೋಪ ಇರಲಿಲ್ಲ. ಅದೇ ಟೈಲರಮ್ಮನಿಗೆ ಇನ್ನಷ್ಟು ಅನುಮಾನ ತರಿಸಿತು.

ಮನವಿಗೆ ಅವಳು ಸಹಿ ಹಾಕಲಿಲ್ಲ. ಮರುದಿನ, ಅಂದರೆ ಈಸ್ಟರಿಗೆ ವಾರ ಮುಂಚೆ ಬರುವ ಗರಿಗಳ ಭಾನುವಾರಕ್ಕೆ ಮೂರು ದಿನ ಇರುವಾಗ, ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು. ನಾನು ಕಲ್ಲಿಗೆ ಹೇಳಿದ್ದರೂ ಅದು ಬಾಯಿ ಮುಚ್ಚಿಕೊಂಡಿರುತ್ತಿತ್ತು ಅನ್ನಬೇಕು. ಅಯ್ಯನವರ ಹೆಂಡತಿ ಅಮ್ಮನವರು ಅಡ್ಡ ಬಂದರೆ ಅವರಿಗೂ ಎರಡು ಮಾತು.

ಆ ವಿಳಾಸ ಒಂದು ದೊಡ್ಡ ಲಾಂಡ್ರಿಯ ಮೇಲಿನ ಮಹಡಿಯದು. ಕೆಳಗೆ ಬಟ್ಟೆ ಒಗೆಯುವ ಯಂತ್ರಗಳು ಗಡಗಡ ಅನ್ನುತ್ತಿದ್ದವು, ಮೆಟ್ಟಿಲು ಕಾಲಡಿಯಲ್ಲಿ ನಡುಗುತ್ತಿತ್ತು. ಕರೆಗಂಟೆ ಒತ್ತಿದಳು. ಯಾರೂ ಬರಲಿಲ್ಲ. ಬಾಗಿಲು ತೆರೆದೇ ಇತ್ತು. ಒಳಗೆ ಕಿಟಕಿಯ ಪಕ್ಕ ಅಯ್ಯನವರು ಅವಳಿಗೆ ಬೆನ್ನು ಮಾಡಿ ಕೂತು ಏನೋ ಬರೆಯುತ್ತಿದ್ದರು.

"ಅಯ್ನೋರೇ" ಅಂದಳು. ಅವರು ತಿರುಗಲಿಲ್ಲ.

"ಅಯ್ನೋರೇ!" ಈ ಸಲ ಜೋರಾಗಿಯೇ ಕೂಗಿದಳು. ಪೆನ್ನು ನಿಲ್ಲಲಿಲ್ಲ. ನನ್ನ ದನಿ ಗುರುತು ಹಿಡಿದು ಬೇಕೆಂದೇ ತಿರುಗುತ್ತಿಲ್ಲ ಅಂದುಕೊಂಡಳು. ಸಿಟ್ಟು ನೆತ್ತಿಗೇರಿತು. ನೇರವಾಗಿ ಒಳಗೆ ಹೋಗಿ ಮೇಜನ್ನು ತಟ್ಟಿದಳು. ಅಯ್ಯನವರು ಬೆಚ್ಚಿಬಿದ್ದರು, ಪೆನ್ನು ಕೆಳಗೆ ಬಿದ್ದು ಉರುಳಿತು.

ಅಷ್ಟರಲ್ಲಿ ಅಮ್ಮನವರು ಒದ್ದೆ ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದರು. ಟೈಲರಮ್ಮನನ್ನು ನೋಡಿದರು, ಗಂಡನ ಬೆದರಿದ ಮುಖ ನೋಡಿದರು, ಬಾಗಿಲನ್ನು ನೋಡಿದರು.

"ಎಷ್ಟು ಸಲ ಕೂಗಿದೆಯಮ್ಮಾ?"

"ಎರಡು ಸಲ. ಗಂಟೆ ಬೇರೆ ಒತ್ತಿದೆ."

"ಕೂತ್ಕೋ" ಅಂದರು ಅಮ್ಮನವರು. ಅವರ ದನಿ ಸೋತಿತ್ತು. "ಅವರಿಗೆ ಕೇಳಿಸೋದಿಲ್ಲ. ಎಡಗಿವಿ ಹೋಗಿ ಒಂಬತ್ತು ವರ್ಷ. ಬಲಗಿವಿ ನಾಲ್ಕು ವರ್ಷದಿಂದ ಇಲ್ಲ."

ಟೈಲರಮ್ಮ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ದಾರ ಕಿತ್ತ ಗುಂಡಿಗಳ ಹಾಗೆ ಚದುರಿದವು.

ಅಯ್ಯನವರು ಕುರ್ಚಿಯನ್ನು ತಿರುಗಿಸಿ, ಅವಳ ಮುಖಕ್ಕೆ ಕಿಟಕಿಯ ಬೆಳಕು ಬೀಳುವ ಹಾಗೆ ಅವಳನ್ನು ಕೂರಿಸಿದರು. ಅವರೇ ಮಾತು ಶುರು ಮಾಡಿದರು. ತಮ್ಮ ದನಿ ತಮಗೇ ಕೇಳದವರ ಹಾಗೆ, ಒಂದು ಪದ ಗಟ್ಟಿಯಾಗಿ, ಒಂದು ಪದ ಮೆತ್ತಗೆ.

"ಬೆಳಕಲ್ಲಿ ಎದುರಿಗೆ ನಿಂತು ಮಾತಾಡಿದ್ರೆ ತುಟಿ ನೋಡಿ ಅರ್ಧ ತಿಳ್ಕೋತೀನಿ. ಹಾಗೇ ನಡೆಸ್ಕೊಂಡು ಬಂದೆ. ಕಿವಿಗೆ ಮಷೀನೂ ತಂದಿದ್ದೆ. ಹಾಕ್ಕೊಂಡ್ರೆ ಚಪ್ಪಲಿ ಸದ್ದು, ಬೆಂಚಿನ ಸದ್ದು, ಎಲ್ಲಾ ಒಂದೇ ಗದ್ದಲ. ತೆಗೆದಿಟ್ಟೆ. ನಾಚಿಕೆ ಕೂಡ. ಕಿವುಡ ಪಾದ್ರಿ ಅಂದ್ರೆ ಯಾರು ಇಟ್ಕೋತಾರೆ?"

"ವೆಸ್ಟ್ರೀಲಿ?" ಅಂದಳು ಟೈಲರಮ್ಮ.

ಅವರಿಗೆ ಆ ಪದ ಗೊತ್ತಾಯಿತು. "ವೆಸ್ಟ್ರೀಲಿ ಕಿಟಕಿ ನಿಮ್ಮ ಬೆನ್ನ ಹಿಂದೆ. ನಿಮ್ಮ ಮುಖ ಕತ್ತಲು. ಮೇಲೆ ಎಲ್ಲರೂ ತಲೆ ತಗ್ಗಿಸ್ತೀರಿ, ಬಾಯಿಗೆ ಕರವಸ್ತ್ರ ಒತ್ಕೋತೀರಿ. ನನಗೆ ಏನೂ ಸಿಗ್ತಿರಲಿಲ್ಲ. ಅಳ್ತಿದ್ದೀರಿ ಅಂತ ಭುಜ ನೋಡಿ ಗೊತ್ತಾಗ್ತಿತ್ತು. ನಿಲ್ಲಿಸಿ, ಕೇಳಿಸಲಿಲ್ಲ ಅನ್ನೋ ಧೈರ್ಯ ಬರಲಿಲ್ಲ. ಅಳ್ತಿರೋರನ್ನ ಇನ್ನೊಂದು ಸಲ ಹೇಳಿ ಅನ್ನೋದು ಹೇಗೆ? ಆಗಲಿ, ದೇವರಿಗೆ ಗೊತ್ತು ಅಂದೆ. ಅದಂತೂ ನಿಜ ತಾನೇ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ."

ಕೆಳಗೆ ಯಂತ್ರವೊಂದು ತಿರುಗಿ ತಿರುಗಿ ನಿಂತಿತು. ಅಮ್ಮನವರು ಮುಂದಿನದನ್ನು ಹೇಳಿದರು. ಲೆಂಟು ಶುರುವಾಗುವ ಹಿಂದಿನ ದಿನ ಒಬ್ಬರು ವೆಸ್ಟ್ರಿಗೆ ಬಂದಿದ್ದರು. ಯಾರು ಅಂತ ಹೇಳುವುದಿಲ್ಲ. ಬದುಕು ಸಾಕಾಗಿದೆ, ಇವತ್ತೇ ಮುಗಿಸಿಕೊಳ್ಳಬೇಕು ಅನ್ನಿಸುತ್ತಿದೆ ಅಂದರು. ಅಯ್ಯನವರು ಅವರ ಕೈಹಿಡಿದು ನಗುಮುಖದಿಂದ "ಬಹಳ ಸಂತೋಷ, ಹಾಗೇ ಮಾಡಿ" ಅಂದರು. ಪುಣ್ಯಕ್ಕೆ ಅಮ್ಮನವರು ಬಾಗಿಲಾಚೆ ಹೂದಾನಿಗಳನ್ನು ತೆಗೆದಿಡುತ್ತಿದ್ದರು. ಕಿವಿಗೆ ಬಿದ್ದದ್ದೇ ತಡ, ಬರಿಗಾಲಲ್ಲಿ ರಸ್ತೆಯವರೆಗೂ ಓಡಿ ಆ ಮನುಷ್ಯನ ತೋಳು ಹಿಡಿದು ನಿಲ್ಲಿಸಿದರು. ಮನೆಗೆ ಕರೆದುಕೊಂಡು ಹೋಗಿ ಅವರ ಮನೆಯವರು ಬರುವವರೆಗೂ ಕೂರಿಸಿಕೊಂಡರು. ಅವರು ಈಗ ಹುಷಾರಾಗಿದ್ದಾರೆ.

"ಅವರು ಏನಂದಿದ್ರು, ಅದಕ್ಕೆ ನಾನು ಏನಂದೆ ಅಂತ ಇವಳು ಆಮೇಲೆ ಬರೆದು ತೋರಿಸಿದಳು" ಅಂದರು ಅಯ್ಯನವರು. "ಮರುದಿನ ಬೂದಿ ಬುಧವಾರ. ನಿಮ್ಮೆಲ್ಲರ ಹಣೆಗೆ ಬೂದಿ ಇಟ್ಟು ಮನೆಗೆ ಬಂದು ಬಿಷಪ್ಪರಿಗೆ ಬರೆದೆ. ನನ್ನನ್ನ ತಕ್ಷಣ ತೆಗೀರಿ, ಈಸ್ಟರ್ ತನಕ ಕಾಯಬೇಡಿ ಅಂತ."

"ಪಟ್ಟಿ?"

"ನನ್ನ ಹತ್ತಿರ ಹೇಳ್ಕೊಂಡು ಅತ್ತೋರು ಹನ್ನೊಂದು ಜನ. ನನಗೆ ಕೇಳಿಸಲಿಲ್ಲ, ನೀನಾದ್ರೂ ಕೇಳು ಅಂತ ಹೊಸದಾಗಿ ಬಂದ ಆ ತಾಯಿಗೆ ಕೊಟ್ಟೆ. ಕಾರಣ ಸದ್ಯಕ್ಕೆ ಹೇಳಬೇಡ, ನಾನೇ ಬರೀತೀನಿ ಅಂದೆ. ಮೂರು ವಾರದಿಂದ ಬರೀತಾನೇ ಇದೀನಿ ನೋಡು." ಮೇಜಿನ ತುಂಬ ಹರಿದ ಹಾಳೆಗಳು. ಎಲ್ಲದರಲ್ಲೂ ಎರಡು ಮೂರು ಸಾಲು, ಆಮೇಲೆ ಕಾಟು.

ಟೈಲರಮ್ಮನಿಗೆ ಮೊದಲು ಬಂದದ್ದು ನಗು. ಹನ್ನೊಂದು ಜನರ ಗುಟ್ಟು ಹೊರಬಿತ್ತು ಅಂತ ಊರೆಲ್ಲ ನಡುಗುತ್ತಿದೆ, ಒಂದೂ ಒಳಗೇ ಹೋಗಿರಲಿಲ್ಲ. ಆಮೇಲೆ ನಗು ಎಲ್ಲೋ ಸಿಕ್ಕಿಕೊಂಡಿತು. ಹಾಗಾದರೆ ಎರಡು ವರ್ಷದಿಂದ ತಾನು ಹೊದ್ದುಕೊಂಡಿದ್ದ ಕ್ಷಮೆ ಯಾರದು? ಅವಳು ಹೇಳಿದ್ದು ಗೋಡೆಗೆ ಹೇಳಿದ ಹಾಗೆ.

"ನಾನೇನಂದೆ ಅಂತ ನಿಮಗೆ ಗೊತ್ತೇ ಇಲ್ಲ" ಅಂದಳು.

"ಇಲ್ಲಮ್ಮಾ. ತಪ್ಪಾಯ್ತು." ಅವರು ಅವಳ ತುಟಿಯನ್ನೇ ನೋಡುತ್ತಿದ್ದರು. "ಈಗ ಹೇಳ್ತೀಯಾ? ನಿಧಾನಕ್ಕೆ. ಇವಳು ಒಳಗೆ ಹೋಗ್ತಾಳೆ."

ಅವಳು ಹೇಳಿದಳು. ಈ ಸಲ ಮುಖ ಮುಚ್ಚಿಕೊಳ್ಳುವ ಹಾಗಿರಲಿಲ್ಲ, ಅಳುವ ಹಾಗೂ ಇರಲಿಲ್ಲ, ಅತ್ತರೆ ತುಟಿ ಗೊತ್ತಾಗುವುದಿಲ್ಲ. ಒಂದೊಂದೇ ಪದ ಬಿಡಿಸಿ ಹೇಳಬೇಕಾಯಿತು. ನಾನು. ಅಲ್ಲಿ. ಇರಲಿಲ್ಲ. ಅಂಗಡಿಯಲ್ಲಿದ್ದೆ. ಅಮ್ಮ ಒಬ್ಬಳೇ ಹೋದಳು. ಅಕ್ಕನಿಗೆ ಸುಳ್ಳು ಹೇಳಿದೆ. "ಸುಳ್ಳು" ಅನ್ನುವುದು ಅವರಿಗೆ ತಿಳಿಯಲಿಲ್ಲ. ಮೂರು ಸಲ ಹೇಳಬೇಕಾಯಿತು.

ಅಯ್ಯನವರು ಕೈ ಹಿಡಿಯಲಿಲ್ಲ, ದೇವರಿಗೆ ಗೊತ್ತು ಅನ್ನಲೂ ಇಲ್ಲ.

"ಇದು ನನಗೆ ಹೇಳೋ ಮಾತಲ್ಲವಲ್ಲಮ್ಮಾ" ಅಂದರು ಕೊನೆಗೆ. "ಆವತ್ತು ಕೇಳಿಸಿದ್ದಿದ್ರೆ ಆವತ್ತೇ ಹೇಳ್ತಿದ್ದೆ. ಅಕ್ಕನ ಹತ್ತಿರ ಹೋಗು."

ಹೊರಡುವಾಗ ಅವಳು ಮೇಜಿನ ಮೇಲಿನ ಹಾಳೆ ತೋರಿಸಿ, ಅವರ ಮುಖಕ್ಕೆ ಮುಖ ಕೊಟ್ಟು ಅಂದಳು: "ನೀವೂ ಮುಗಿಸಿ. ಭಾನುವಾರಕ್ಕೆ."

ಗರಿಗಳ ಭಾನುವಾರ ಪಾಸ್ಟರಮ್ಮ ಪ್ರಸಂಗಕ್ಕೆ ಬದಲಾಗಿ ಒಂದು ಕಾಗದ ಓದಿದರು. ಒಂದೇ ಪುಟ. ಸುತ್ತಿ ಬಳಸಿ ಹೇಳಿದ್ದು ಯಾವುದೂ ಇರಲಿಲ್ಲ. ಕಿವಿ ಹೋದದ್ದು, ಮುಚ್ಚಿಟ್ಟದ್ದು, ಬಿಷಪ್ಪರಿಗೆ ತಾನೇ ಬರೆದದ್ದು, ಹೆಸರುಗಳನ್ನು ಯಾಕೆ ಕೊಟ್ಟದ್ದು. "ನೀವು ನನ್ನನ್ನು ಒಳ್ಳೆಯ ಕೇಳುಗ ಅಂದಿರಿ. ಆ ಹೊಗಳಿಕೆ ಬಿಡಲಾಗಲಿಲ್ಲ. ಕ್ಷಮಿಸಿ" ಅನ್ನುವುದು ಕೊನೆಯ ಸಾಲು.

ಮೊದಲು ಮೇಷ್ಟ್ರು ಫಕ್ಕನೆ ಒಂದು ಸಲ ನಕ್ಕು, ಕೆಮ್ಮಿದ ಹಾಗೆ ಮಾಡಿದರು. ಬೇಕರಿಯವನು ನಿಟ್ಟುಸಿರು ಬಿಟ್ಟ. ಗಾರೆಯವನ ಹೆಂಡತಿ ಮಾತ್ರ ಬಿಕ್ಕಿ ಬಿಕ್ಕಿ ಅತ್ತಳು. ಅದೆಲ್ಲ ಮತ್ತೆ ಮೊದಲಿಂದ ಯಾರ ಮುಂದೆ ಹೇಳಲಿ ಅನ್ನುವುದು ಅವಳ ಸಂಕಟ. ಪೋಸ್ಟ್ ಮಾಸ್ಟರು ಆರಾಧನೆ ಮುಗಿದ ಕೂಡಲೇ ಹೋಗಿ ಕಾಗದವನ್ನು ಕೈಗೆ ತೆಗೆದುಕೊಂಡು, ಅಕ್ಷರ ನೋಡಿ, ಲಕೋಟೆಯ ಮುದ್ರೆ ನೋಡಿ, ಬೆಳಕಿಗೆ ಹಿಡಿದು ನೋಡಿದರು.

"ಅವರದೇ ಅಕ್ಷರ" ಅಂದರು ಪಾಸ್ಟರಮ್ಮ.

"ಅದೇನೋ ಸರಿ" ಅಂದರು ಪೋಸ್ಟ್ ಮಾಸ್ಟರು. "ಆದ್ರೆ ಏನೂ ಅಂದ್ರೆ ಏನೂ ಕೇಳಿಸಿಲ್ಲ ಅನ್ನೋದಕ್ಕೆ ಗ್ಯಾರಂಟಿ ಏನು?"

ಆ ವಾರ ಮನವಿಯ ಕಾಗದ ಯಾರ ಕಣ್ಣಿಗೂ ಬೀಳಲಿಲ್ಲ.

ಟೈಲರಮ್ಮ ಸೋಮವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋದಳು. ಅಕ್ಕ ಅಡುಗೆಮನೆಯಲ್ಲಿ ಬೇಳೆ ಆರಿಸುತ್ತಿದ್ದಳು. ಟೈಲರಮ್ಮ ಎದುರಿಗೆ ಕೂತು, ಆವತ್ತು ಬಸ್ಸಿನಲ್ಲಿ ಮಾಡಿದ ಹಾಗೆ ಮಾತು ಜೋಡಿಸಿಕೊಳ್ಳದೆ, ಹೇಳಿಬಿಟ್ಟಳು. ಅಕ್ಕನ ಬೆರಳು ತಟ್ಟೆಯ ಮೇಲೆ ನಿಂತಿತು.

"ಎಷ್ಟು ಹೊತ್ತು ಇರಲಿಲ್ಲ ನೀನು?"

"ಎರಡೂವರೆ ಗಂಟೆ."

"ಹೊದಿಕೆ ಹೊದ್ದಿದ್ದಳಾ?"

"ಕಾಲಿನ ಹತ್ತಿರ ಸರಿದಿತ್ತು."

"ಕಣ್ಣು?"

"ಮುಚ್ಚಿತ್ತು."

"ಅಂದ್ರೆ ಏನೂ ಹೇಳಲಿಲ್ಲ ಅವಳು."

"ನನಗೆ ಗೊತ್ತಿಲ್ಲ ಅಕ್ಕಾ. ಹೇಳಿದ್ರೂ ಕೇಳೋಕೆ ಯಾರೂ ಇರಲಿಲ್ಲ."

ಅಕ್ಕ ತಟ್ಟೆಯನ್ನು ಪಕ್ಕಕ್ಕಿಟ್ಟಳು. ಕೂಗಲಿಲ್ಲ, ಬೈಯಲಿಲ್ಲ. "ಎದ್ದು ಹೋಗು" ಅಂದಳು. "ನಿನ್ನ ಮುಖ ನೋಡೋಕೆ ಈಗ ನನ್ನಿಂದ ಆಗೋದಿಲ್ಲ."

ಶುಭ ಶುಕ್ರವಾರ ಅಕ್ಕ ಬೇರೆ ಬೆಂಚಿನಲ್ಲಿ ಕೂತಳು. ಈಸ್ಟರಿಗೂ ಅಷ್ಟೇ. ಪೀಠಕ್ಕೆ ಬಿಳಿ ಹೊದಿಕೆ ಹಾಕಿ ಟೈಲರಮ್ಮ ತಿರುಗಿದಾಗ ಇಬ್ಬರ ಕಣ್ಣೂ ಒಂದು ಗಳಿಗೆ ಕೂಡಿತು, ಅಕ್ಕ ಕೀರ್ತನೆ ಪುಸ್ತಕಕ್ಕೆ ತಲೆ ಬಗ್ಗಿಸಿದಳು. ಆದರೂ ಅಕ್ಕ ಇನ್ನು ಯಾರ ಮುಂದೆಯೂ "ಅಲ್ಲವೇನೇ?" ಅನ್ನುವುದಿಲ್ಲ ಅನ್ನುವುದೊಂದು ನಿರಾಳ ಟೈಲರಮ್ಮನಿಗೆ ಇತ್ತು. ಅಷ್ಟಕ್ಕೂ ನಾಚಿಕೆಯಾಗುತ್ತಿತ್ತು.

ಈಸ್ಟರ್ ಕಳೆದು ಹತ್ತನೇ ದಿನ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಅಕ್ಕ ಬಂದಳು. ಕೈಯಲ್ಲಿ ಒಂದು ಹಳೇ ಕೋಟು. ಕೂರಲಿಲ್ಲ.

"ತೋಳು ಬಿಗಿಯಾಗ್ತಿದೆ" ಅಂದಳು.

"ಬಿಚ್ಚಿ ಕೊಡ್ತೀನಿ. ಹೊಲಿಗೆ ಒಳಗೆ ಮಡಿಚಿದ ಬಟ್ಟೆ ಇದೆ" ಅಂದಳು ಟೈಲರಮ್ಮ.

"ನನಗಿನ್ನೂ ಕೋಪ ಇದೆ. ಹೋಗಿದೆ ಅಂದ್ಕೋಬೇಡ."

"ಹೂಂ."

"ಯಾವಾಗ ಹೋಗುತ್ತೆ ಅಂತಾನೂ ಗೊತ್ತಿಲ್ಲ."

"ಹೂಂ ಅಕ್ಕಾ."

ಅಕ್ಕ ಕನ್ನಡಿಯ ಮುಂದೆ ಹೋಗಿ ನಿಂತು, ಎರಡು ಕೈಯನ್ನೂ ಪಕ್ಕಕ್ಕೆ ಎತ್ತಿದಳು. "ಅಳತೆ ತಗೋ" ಅಂದಳು.